ಐವತ್ತು ಲಕ್ಷದ ಮೂರು ಜನ ಸ್ಪಿನ್ನರ್‌ಗಳು: ಆರ್‌ಸಿಬಿ ಹುಡುಗೀರ 2024ರ ಡಬ್ಲ್ಯೂಪಿಎಲ್ ಸೀಸನ್, ಒಂದು ಪ್ರಕರಣ ಅಧ್ಯಯನ

2024ರ ಮಾರ್ಚ್ 17ಕ್ಕೆ ಡೆಲ್ಲಿಯ ಅರುಣ್ ಜೇಟ್ಲಿ ಸ್ಟೇಡಿಯಮ್ಮಲ್ಲಿ ಆರ್‌ಸಿಬಿ ಮಹಿಳಾ ಟೀಮ್ ಡಬ್ಲ್ಯೂಪಿಎಲ್ (ಮಹಿಳಾ ಪ್ರೀಮಿಯರ್ ಲೀಗ್) ಕಪ್ ಎತ್ತಿದ್ದು ಎಲ್ಲರಿಗೂ ಗೊತ್ತು. ಆದ್ರೆ ಆ ಸೀಸನ್ ಬಗ್ಗೆ ಯಾರನ್ನ ಕೇಳಿದ್ರೂ ಮೊದ್ಲು ಬರೋದು ಎಲಿಸ್ ಪೆರ್ರಿ ಹೆಸ್ರು, ಆಮೇಲೆ ಕ್ಯಾಪ್ಟನ್ ಸ್ಮೃತಿ ಮಂಧಾನ, ಆಮೇಲೆ ರಿಚಾ ಘೋಷ್. ಪೆರ್ರಿ 347 ರನ್ ಹೊಡ್ದು, ಅತಿ ಹೆಚ್ಚು ರನ್ನಿಗೆ ಕೊಡೋ ಆರೆಂಜ್ ಕ್ಯಾಪ್ ತಗೊಂಡ್ರು, ಅದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ. ಆದ್ರೂ ಆ ಸೀಸನ್ನಿನ ಮ್ಯಾಚ್‌ಗಳನ್ನ ಸಾಲಾಗಿ ಇಟ್ಕೊಂಡು ನೋಡಿದ್ರೆ ನಂಗೆ ಕಾಣೋದೇ ಬೇರೆ. ಆ ಕಪ್ ಬಂದಿದ್ದು ಮೂರು ಜನ ಸ್ಪಿನ್ನರ್‌ಗಳಿಂದ. ನಮ್ಮ ಬೆಂಗಳೂರಿನ ಶ್ರೇಯಾಂಕಾ ಪಾಟೀಲ್, ಕೇರಳದ ಆಶಾ ಶೋಭನಾ, ಆಸ್ಟ್ರೇಲಿಯಾದ ಸೋಫಿ ಮೊಲಿನ್ಯೂ. ಶ್ರೇಯಾಂಕಾಗೆ 13 ವಿಕೆಟ್, ಅತಿ ಹೆಚ್ಚು ವಿಕೆಟ್ಟಿಗೆ ಕೊಡೋ ಪರ್ಪಲ್ ಕ್ಯಾಪ್, ಜೊತೆಗೆ ಎಮರ್ಜಿಂಗ್ ಪ್ಲೇಯರ್ ಪ್ರಶಸ್ತಿ. ಆಶಾಗೆ 12, ಮೊಲಿನ್ಯೂಗೆ 12. ಒಟ್ಟು 37 ವಿಕೆಟ್. ಈ ಮೂರು ಜನಕ್ಕೆ ಫ್ರಾಂಚೈಸಿ ಕೊಟ್ಟಿದ್ದು 10 ಲಕ್ಷ, 10 ಲಕ್ಷ, 30 ಲಕ್ಷ, ಅಂದ್ರೆ ಎಲ್ಲಾ ಸೇರಿಸಿ 50 ಲಕ್ಷ.

ಈಗ ಹಿಂದಿನ ವರ್ಷಕ್ಕೆ ಹೋಗೋಣ, ಯಾಕಂದ್ರೆ 2023 ನೋಡ್ದೆ 2024 ಅರ್ಥ ಆಗಲ್ಲ. 2023ರ ಫೆಬ್ರವರಿ 13ಕ್ಕೆ ಮುಂಬೈಯಲ್ಲಿ ಮೊದಲ ಹರಾಜು ನಡೀತು, ಒಂದೊಂದು ಟೀಮಿಗೆ 12 ಕೋಟಿ ಪರ್ಸ್. ಆರ್‌ಸಿಬಿಯವರು ಸ್ಮೃತಿಗೆ 3.40 ಕೋಟಿ ಕೊಟ್ರು, ಆ ಹರಾಜಿನಲ್ಲೇ ಅತಿ ಹೆಚ್ಚು. ರಿಚಾಗೆ 1.90, ಪೆರ್ರಿಗೆ 1.70, ರೇಣುಕಾ ಸಿಂಗ್‌ಗೆ 1.50. ಅಲ್ಲಿಗೆ ನಾಲ್ಕೇ ಜನಕ್ಕೆ 8.50 ಕೋಟಿ ಹೋಯ್ತು, ಉಳಿದ ಮೂರೂವರೆ ಕೋಟೀಲಿ ಇಡೀ ಟೀಮ್ ಕಟ್ಟಬೇಕು. ಹೆಸ್ರು ನೋಡಿ ಆವಾಗ ಎಲ್ರೂ ಇದೇ ಚಾಂಪಿಯನ್ ಟೀಮ್ ಅಂದಿದ್ರು. ಆಗಿದ್ದೇನು ಅಂದ್ರೆ ಮೊದಲ ಐದು ಮ್ಯಾಚೂ ಸೋಲು. ಮೊದಲ ಮ್ಯಾಚಲ್ಲೇ ಡೆಲ್ಲಿ ಕ್ಯಾಪಿಟಲ್ಸ್ 223 ಹೊಡ್ದು ಹೋದ್ರು, ಗುಜರಾತ್ ಜೈಂಟ್ಸ್ 201 ಹೊಡ್ದ್ರು, ಮುಂಬೈ ಇಂಡಿಯನ್ಸ್ 15ನೇ ಓವರಲ್ಲೇ ಚೇಸ್ ಮುಗಿಸಿದ್ರು ಅದೂ ಒಂದೇ ವಿಕೆಟ್ ಕಳ್ಕೊಂಡು, ಯುಪಿ ವಾರಿಯರ್ಸ್ ಅಂತೂ 139ನ್ನ ವಿಕೆಟ್ಟೇ ಕೊಡದೆ ಬಾರಿಸಿಬಿಟ್ರು, ಅಲಿಸ್ಸಾ ಹೀಲಿ ಒಬ್ರೇ 96 ನಾಟ್‌ಔಟ್. ಎಂಟು ಮ್ಯಾಚಲ್ಲಿ ಎರಡು ಗೆಲುವು, ಐದು ಟೀಮಲ್ಲಿ ನಾಲ್ಕನೇ ಸ್ಥಾನ. ಸ್ಮೃತಿಗೆ ಎಂಟು ಮ್ಯಾಚಿಂದ 149 ರನ್, ಬೈಗುಳ ಪೂರ್ತಿ ಅವರ ತಲೆ ಮೇಲೆ ಬಿತ್ತು. ಆದ್ರೆ ಸ್ಕೋರ್‌ಕಾರ್ಡ್ ಮತ್ತೆ ತೆಗೆದು ನೋಡಿ, ಬ್ಯಾಟಿಂಗಿಗಿಂತ ಬೌಲಿಂಗೇ ದೊಡ್ಡ ತೂತು. ಸೋಫಿ ಡಿವೈನ್ ಗುಜರಾತ್ ಮೇಲೆ 36 ಬಾಲಲ್ಲಿ 99 ಹೊಡೆದ ಟೀಮ್ ಅದು, ರನ್ ಬರ್ತಿರ್ಲಿಲ್ಲ ಅನ್ನೋ ಹಾಗಿಲ್ಲ. ಪವರ್‌ಪ್ಲೇ ಮುಗಿದ್ಮೇಲೆ ಎದುರಾಳಿಯನ್ನ ಹಿಡ್ದು ನಿಲ್ಸೋರು ಯಾರೂ ಇರ್ಲಿಲ್ಲ, ಅಷ್ಟೇ.

ಇಲ್ಲಿ ಮ್ಯಾನೇಜ್‌ಮೆಂಟ್ ಮಾಡಿದ ಕೆಲಸ ನಂಗೆ ತುಂಬಾ ಇಷ್ಟ. ಸೋತ ಟೀಮು ಸಾಮಾನ್ಯವಾಗಿ ಮೊದ್ಲು ಕೈಬಿಡೋದು ಕಡಿಮೆ ದುಡ್ಡಿನ ದೇಸಿ ಹುಡುಗೀರನ್ನ. ಇವರು ಆಶಾನ ಬಿಡ್ಲಿಲ್ಲ, ಶ್ರೇಯಾಂಕಾನ ಬಿಡ್ಲಿಲ್ಲ, ಮೊದಲ ಸೀಸನ್ನಲ್ಲಿ ಇಬ್ರದ್ದೂ ಹೇಳ್ಕೊಳ್ಳೋ ಅಂಥ ನಂಬರ್ ಏನಿರ್ಲಿಲ್ಲ ಆದ್ರೂ ಉಳಿಸ್ಕೊಂಡ್ರು. ಅಡಿಲೇಡ್ ಸ್ಟ್ರೈಕರ್ಸ್ ಕೋಚ್ ಆಗಿದ್ದ ಲ್ಯೂಕ್ ವಿಲಿಯಮ್ಸ್‌ನ ಹೆಡ್ ಕೋಚ್ ಮಾಡಿದ್ರು. 2023ರ ಡಿಸೆಂಬರ್ 9ರ ಹರಾಜಲ್ಲಿ ಜಾರ್ಜಿಯಾ ವೇರ್‌ಹ್ಯಾಮ್‌ಗೆ 40 ಲಕ್ಷ, ಮೊಲಿನ್ಯೂಗೆ 30 ಲಕ್ಷ. ಮೊಲಿನ್ಯೂ ಆವಾಗ ಮಂಡಿ ಲಿಗಮೆಂಟ್ ಹರ್ಕೊಂಡು ತಿಂಗಳುಗಟ್ಲೆ ಮನೇಲಿ ಕೂತು ವಾಪಸ್ ಬರ್ತಿದ್ದ ಆಟಗಾರ್ತಿ, ಬೇರೆಯವರು ರಿಸ್ಕ್ ಅಂದ್ಕೊಂಡಿರಬಹುದು. ಮೊಲಿನ್ಯೂ ಎಡಗೈ ಸ್ಪಿನ್, ಶ್ರೇಯಾಂಕಾ ಆಫ್ ಸ್ಪಿನ್, ಆಶಾ ಲೆಗ್ ಸ್ಪಿನ್, ಮೂರೂ ಒಂದೇ ಹನ್ನೊಂದರಲ್ಲಿ, ವೇರ್‌ಹ್ಯಾಮ್ ಸೇರಿಸಿದ್ರೆ ಎರಡನೇ ಲೆಗ್ ಸ್ಪಿನ್ನರ್ ಬೇರೆ. ಬಲಗೈ ಬ್ಯಾಟರ್ ಆಗ್ಲಿ ಎಡಗೈ ಬ್ಯಾಟರ್ ಆಗ್ಲಿ, ಬಾಲ್ ಒಂದು ಕಡೆಯಿಂದ ಒಳಗೆ ಬರುತ್ತೆ, ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತೆ. ಸೆಟ್ಲ್ ಆಗೋಕೆ ಬಿಡಲ್ಲ.

ಶ್ರೇಯಾಂಕಾ ಅಷ್ಟರಲ್ಲಿ ಬೇರೆಯದೇ ಬೌಲರ್ ಆಗಿದ್ಲು ಅನ್ನೋದನ್ನೂ ಇಲ್ಲೇ ಹೇಳ್ಬೇಕು. 2023ರ ಜೂನಲ್ಲಿ ಹಾಂಗ್‌ಕಾಂಗಲ್ಲಿ ನಡೆದ ಎಮರ್ಜಿಂಗ್ ಏಷ್ಯಾ ಕಪ್ಪಲ್ಲಿ ಹಾಂಗ್‌ಕಾಂಗ್ ವಿರುದ್ಧ 2 ರನ್ನಿಗೆ 5 ವಿಕೆಟ್, ಬಾಂಗ್ಲಾದೇಶದ ವಿರುದ್ಧ ಫೈನಲ್ಲಲ್ಲಿ 13ಕ್ಕೆ 4. ಆಮೇಲೆ ಗಯಾನಾ ಅಮೇಜಾನ್ ವಾರಿಯರ್ಸ್ ಪರ ಕೆರಿಬಿಯನ್ ಲೀಗ್ ಆಡಿದ್ಲು, ಡಿಸೆಂಬರಲ್ಲಿ ಇಂಡಿಯಾ ಕ್ಯಾಪ್ ಸಿಕ್ತು, ಅಂದ್ರೆ ಇಂಡಿಯಾ ಪರ ಮೊದಲ ಮ್ಯಾಚ್ ಆಡಿದ್ಲು. 10 ಲಕ್ಷದ ಹುಡುಗಿ ಎರಡನೇ ಸೀಸನ್ನಿಗೆ ಬಂದಿದ್ದು ಇಷ್ಟೆಲ್ಲಾ ಅನುಭವ ಕಟ್ಕೊಂಡು.

ಸೀಸನ್ ಶುರುವಾಗಿದ್ದು ಬೆಂಗಳೂರಲ್ಲಿ, ಮೊದಲ 11 ಮ್ಯಾಚ್ ಚಿನ್ನಸ್ವಾಮಿ, ಉಳಿದ 11 ಡೆಲ್ಲಿ. ಫೆಬ್ರವರಿ 24ಕ್ಕೆ ಆರ್‌ಸಿಬಿಯ ಮೊದಲ ಮ್ಯಾಚ್, ಎದುರಿಗೆ ಯುಪಿ. ಈ ಮ್ಯಾಚನ್ನ ಸ್ವಲ್ಪ ನಿಧಾನವಾಗಿ ನೋಡ್ಬೇಕು, ಯಾಕಂದ್ರೆ ಕೊನೆಗೆ ಇಡೀ ಸೀಸನ್ ನಿಂತಿದ್ದು ಇದ್ರ ಮೇಲೇನೆ. ರಿಚಾ 37 ಬಾಲಲ್ಲಿ 62, ಸಬ್ಬಿನೇನಿ ಮೇಘನಾ 53, ಒಟ್ಟು 157. ಯುಪಿ 16 ಓವರಿಗೆ 3 ವಿಕೆಟ್ ಕಳ್ಕೊಂಡು 126, ಗ್ರೇಸ್ ಹ್ಯಾರಿಸ್ ಮತ್ತೆ ಶ್ವೇತಾ ಸೆಹ್ರಾವತ್ ಇಬ್ರೂ ಸೆಟ್ ಆಗಿ ಹೊಡೀತಿದ್ದಾರೆ, ಬೇಕಾಗಿದ್ದು 24 ಬಾಲಿಗೆ 32. ಚಿನ್ನಸ್ವಾಮೀಲಿ ಅದೇನು ದೊಡ್ಡ ಲೆಕ್ಕನಾ ಹೇಳಿ. 17ನೇ ಓವರ್ ಸ್ಮೃತಿ ಆಶಾ ಕೈಗೆ ಕೊಟ್ರು. ಒಂದೇ ಓವರಲ್ಲಿ ಶ್ವೇತಾ ಔಟ್, ಹ್ಯಾರಿಸ್ ಔಟ್, ಕಿರಣ್ ನವಗಿರೆ ಔಟ್. ಆಶಾಗೆ 22 ರನ್ನಿಗೆ 5 ವಿಕೆಟ್, ಡಬ್ಲ್ಯೂಪಿಎಲ್‌ನಲ್ಲಿ ಐದು ವಿಕೆಟ್ ತೆಗೆದ ಮೊದಲ ಭಾರತೀಯ ಬೌಲರ್. ಆದ್ರೂ ಮ್ಯಾಚ್ ಮುಗಿದಿರ್ಲಿಲ್ಲ, ಕೊನೆ ಓವರಿಗೆ 11 ಬೇಕು, ಬಾಲ್ ಹಿಡ್ದಿದ್ದು ಮೊಲಿನ್ಯೂ, ಆರ್‌ಸಿಬಿ 2 ರನ್ನಿಂದ ಗೆಲ್ತು. 32 ವರ್ಷದ, ಆವರೆಗೂ ಇಂಡಿಯಾಗೆ ಒಂದೂ ಮ್ಯಾಚ್ ಆಡದ ಲೆಗ್ ಸ್ಪಿನ್ನರ್‌ಗೆ ಸೆಟ್ ಬ್ಯಾಟರ್ ಎದುರು 17ನೇ ಓವರ್ ಕೊಡೋಕೆ ಗುಂಡಿಗೆ ಬೇಕು. ಸ್ಮೃತಿ ಕ್ಯಾಪ್ಟನ್ಸಿ ಬಗ್ಗೆ ಮಾತಾಡೋರು ಈ ಓವರ್ ನೆನಪಲ್ಲಿ ಇಟ್ಕೋಬೇಕು.

ಬೆಂಗಳೂರಿನ ಉಳಿದ ಮ್ಯಾಚ್‌ಗಳು ಬೇಗ ಹೇಳ್ತೀನಿ. ಫೆಬ್ರವರಿ 27ಕ್ಕೆ ಗುಜರಾತ್‌ನ 107ಕ್ಕೆ ಕಟ್ಟಿ ಹಾಕಿ 8 ವಿಕೆಟ್ ಗೆಲುವು, ಮೊಲಿನ್ಯೂ 25ಕ್ಕೆ 3. 29ಕ್ಕೆ ಡೆಲ್ಲಿ 194 ಹೊಡೀತು, ಸ್ಮೃತಿ 43 ಬಾಲಲ್ಲಿ 74 ಹೊಡ್ದ್ರೂ 25 ರನ್ ಸೋಲು. ಮಾರ್ಚ್ 2ಕ್ಕೆ ಮುಂಬೈ ಮುಂದೆ 131 ಮಾತ್ರ, ಸೋಲು. ಮಾರ್ಚ್ 4ಕ್ಕೆ ಯುಪಿ ಮೇಲೆ 198, ಸ್ಮೃತಿ 80, ಪೆರ್ರಿ 37 ಬಾಲಲ್ಲಿ 58, ಪೆರ್ರಿಯ ಒಂದು ಸಿಕ್ಸ್ ಹೋಗಿ ಬೌಂಡರಿ ಆಚೆ ನಿಲ್ಸಿದ್ದ ಡಿಸ್‌ಪ್ಲೇ ಕಾರಿನ ಗ್ಲಾಸ್ ಒಡೆದಿದ್ದು ಇದೇ ಮ್ಯಾಚಲ್ಲಿ. ಐದರಲ್ಲಿ ಮೂರು ಗೆದ್ಕೊಂಡು ಡೆಲ್ಲಿ ವಿಮಾನ ಹತ್ತಿದ್ರು.

ಡೆಲ್ಲೀಲಿ ಶುರುವೇ ಕೆಟ್ಟದಾಗಿ ಆಯ್ತು. ಆವರೆಗೂ ಒಂದೂ ಗೆಲ್ಲದೆ ಕೂತಿದ್ದ ಗುಜರಾತ್ ಮಾರ್ಚ್ 6ಕ್ಕೆ 199 ಬಾರಿಸ್ತು, ಬೆತ್ ಮೂನಿ 85 ನಾಟ್‌ಔಟ್, ಲಾರಾ ವೋಲ್ವಾರ್ಟ್ 76. 19 ರನ್ ಸೋಲು. ನನ್ನ ವಾದಕ್ಕೆ ಇದು ವಿರುದ್ಧವಾದ ಸಾಕ್ಷಿ ಅಂತ ಯಾರಾದ್ರೂ ಹೇಳಬಹುದು, ಹೌದು, ಅವತ್ತು ಯಾವ ಸ್ಪಿನ್ನೂ ಕೆಲಸ ಮಾಡ್ಲಿಲ್ಲ, ಇಬ್ಬರು ಕ್ಲಾಸ್ ಓಪನರ್‌ಗಳು ಒಟ್ಟಿಗೆ ನಿಂತ್ಬಿಟ್ರೆ ಯಾರ ಬೌಲಿಂಗಿಗೂ ಉತ್ತರ ಇರಲ್ಲ.

ಮಾರ್ಚ್ 10ರದ್ದು ಬೇರೆ ಥರ. ಡೆಲ್ಲಿ ಕ್ಯಾಪಿಟಲ್ಸ್ 181, ಜೆಮಿಮಾ ರಾಡ್ರಿಗಸ್ 58. ಆ ಇನ್ನಿಂಗ್ಸಲ್ಲಿ ಶ್ರೇಯಾಂಕಾ 26ಕ್ಕೆ 4 ತೆಗೆದಿದ್ದನ್ನ ಆಮೇಲೆ ಎಲ್ರೂ ಮರೆತ್ರು, ಯಾಕಂದ್ರೆ ಕಣ್ಣಿಗೆ ಕಟ್ಟಿದಂಗೆ ಉಳಿದಿದ್ದು ಕೊನೆ ಬಾಲ್. ಕೊನೆ ಓವರಿಗೆ 17 ಬೇಕು, ರಿಚಾ ಜೆಸ್ ಜೊನಾಸೆನ್‌ಗೆ ಎರಡು ಸಿಕ್ಸ್ ಎತ್ತಿದ್ಲು, ಕೊನೆ ಬಾಲಿಗೆ 2, ಓಡಿದ್ಲು, ರನ್‌ಔಟ್. 29 ಬಾಲಲ್ಲಿ 51 ಹೊಡ್ದು 1 ರನ್ನಿಂದ ಸೋತು ಪಿಚ್ ಮೇಲೇ ಕುಸಿದು ಕೂತ ಆ ಹುಡುಗೀನ ಡೆಲ್ಲಿ ಆಟಗಾರ್ತಿಯರೇ ಬಂದು ಸಮಾಧಾನ ಮಾಡ್ಬೇಕಾಯ್ತು. ಏಳು ಮ್ಯಾಚಿಗೆ ಮೂರು ಗೆಲುವು, ನಾಲ್ಕು ಸೋಲು. ಮರುದಿನ ಗುಜರಾತ್ ಯುಪಿಯನ್ನ 8 ರನ್ನಿಂದ ಸೋಲಿಸಿದ್ದು ಆರ್‌ಸಿಬಿಗೆ ದೊಡ್ಡ ಉಪಕಾರ ಆಯ್ತು, ಯುಪಿ ಎಂಟೂ ಮ್ಯಾಚ್ ಮುಗಿಸಿ 6 ಪಾಯಿಂಟಲ್ಲಿ ನಿಂತ್ರು. ಇನ್ನು ಕೊನೆ ಲೀಗ್ ಮ್ಯಾಚ್ ಗೆದ್ರೆ ರನ್‌ರೇಟ್ ಗೀನ್‌ರೇಟ್ ಲೆಕ್ಕ ಯಾವುದೂ ಬೇಡ.

ಆ ಮ್ಯಾಚ್ ಗೆಲ್ಸಿದ್ದು ಪೂರ್ತಿಯಾಗಿ ಪೆರ್ರಿ, ಅದನ್ನ ಹಂಗೇ ಒಪ್ಕೋಬೇಕು. ಮಾರ್ಚ್ 12ಕ್ಕೆ ಮುಂಬೈ ವಿಕೆಟ್ ಇಲ್ದೆ 43 ಹೊಡ್ದು ಆರಾಮಾಗಿತ್ತು, ಪೆರ್ರಿ ಬಂದು ಸ್ಟಂಪ್‌ಗೆ ಗುರಿ ಇಟ್ಟು ಹಾಕಿದ್ದೇ ಹಾಕಿದ್ದು, 15ಕ್ಕೆ 6, ಲೀಗಲ್ಲಿ ಆವರೆಗಿನ ಬೆಸ್ಟ್ ಬೌಲಿಂಗ್. ಹರ್ಮನ್‌ಪ್ರೀತ್ ಸೊನ್ನೆಗೆ ಬೌಲ್ಡ್. ಮುಂಬೈ 113 ಆಲ್‌ಔಟ್, ಚೇಸಲ್ಲಿ 39ಕ್ಕೆ 3 ಆಗಿದ್ದಾಗ ಮತ್ತೆ ಪೆರ್ರೀನೇ 40 ನಾಟ್‌ಔಟ್, ರಿಚಾ 36 ನಾಟ್‌ಔಟ್, 15 ಓವರಿಗೆ ಮ್ಯಾಚ್ ಮುಗೀತು. 8 ಪಾಯಿಂಟ್, ಮೂರನೇ ಸ್ಥಾನ. ಡೆಲ್ಲಿ 12 ಪಾಯಿಂಟಲ್ಲಿ ನೇರ ಫೈನಲ್ಲಿಗೆ, ಆರ್‌ಸಿಬಿಗೆ ಎರಡನೇ ಸ್ಥಾನದ ಮುಂಬೈ ಜೊತೆ ಎಲಿಮಿನೇಟರ್, ಗೆದ್ದವರು ಫೈನಲ್ಲಿಗೆ, ಸೋತವರು ಮನೆಗೆ.

ನನ್ನ ಪ್ರಕಾರ ಪ್ರಕರಣದ ಹೃದಯ ಅಂದ್ರೆ ಮಾರ್ಚ್ 15ರ ಎಲಿಮಿನೇಟರ್, ಫೈನಲ್ ಅಲ್ಲ. ಆರ್‌ಸಿಬಿ 23ಕ್ಕೆ 3, ಡಿವೈನ್, ಸ್ಮೃತಿ, ದಿಶಾ ಕಸತ್ ಎಲ್ಲಾ ಹೋದ್ರು. ಪೆರ್ರಿ 50 ಬಾಲಲ್ಲಿ 66, ವೇರ್‌ಹ್ಯಾಮ್ ಕೊನೇಲಿ 10 ಬಾಲಲ್ಲಿ 18, ಹೆಂಗೋ 135. ಮುಂಬೈ ಹಾಲಿ ಚಾಂಪಿಯನ್, ಹರ್ಮನ್‌ಪ್ರೀತ್ ಕ್ರೀಸಲ್ಲಿ, ಅಮೇಲಿಯಾ ಕೆರ್ ಜೊತೆಗೆ. 18 ಬಾಲಿಗೆ 20 ಬೇಕು, ಕೈಯಲ್ಲಿ 7 ವಿಕೆಟ್. ಟಿವಿ ಮುಂದೆ ಕೂತ ಆರ್‌ಸಿಬಿ ಅಭಿಮಾನಿಗಳಲ್ಲಿ ಅರ್ಧ ಜನ ಆ ಹೊತ್ತಿಗೆ ಎದ್ದು ಹೋಗಿರ್ತಾರೆ, ಅಭ್ಯಾಸ ಆಗೋಗಿತ್ತಲ್ಲ, ಗಂಡಸರ ಟೀಮ್ 2009, 2011, 2016 ಮೂರು ಫೈನಲ್ ಸೋತಿದ್ದನ್ನ ನೋಡಿದ ಜನ ನಾವು.

ಅಲ್ಲಿಂದ ಕೊನೆ ಮೂರು ಓವರ್ ಹಾಕಿದ್ದು ಮೂವರೂ ಸ್ಪಿನ್ನರ್‌ಗಳು. 18ನೇದು ಶ್ರೇಯಾಂಕಾ, ಹರ್ಮನ್‌ಪ್ರೀತ್ ದೊಡ್ಡ ಹೊಡೆತಕ್ಕೆ ಹೋದ್ರು, ಲಾಂಗ್ ಆನಲ್ಲಿ ಡಿವೈನ್ ಕ್ಯಾಚ್, ಓವರಿಗೆ ಬರೀ 4. 19ನೇದು ಮೊಲಿನ್ಯೂ, ಸಜನಾ ಸ್ಟಂಪ್‌ಔಟ್, ಮತ್ತೆ 4. ಕೊನೆ ಓವರಿಗೆ 12 ಬೇಕು, ಬಾಲ್ ಆಶಾ ಕೈಗೆ. ಲೆಗ್ ಸ್ಪಿನ್ನರ್‌ಗೆ ನಾಕೌಟ್ ಮ್ಯಾಚಿನ ಕೊನೆ ಓವರ್ ಕೊಡೋದನ್ನ ನೀವು ಎಷ್ಟು ಸಲ ನೋಡಿದ್ದೀರಿ? ಒಂದು ಬಾಲ್ ಶಾರ್ಟ್ ಬಿದ್ರೆ ಸಿಕ್ಸ್, ಒಂದು ಫುಲ್‌ಟಾಸ್ ಬಿದ್ರೆ ಸಿಕ್ಸ್, ಎರಡೇ ಏಟಿಗೆ ಕತೆ ಮುಗೀತು. ಆಶಾ ಕೊಟ್ಟಿದ್ದು 6, ಪೂಜಾ ವಸ್ತ್ರಾಕರ್ ಮುಂದೆ ನುಗ್ಗಿ ಸ್ಟಂಪ್‌ಔಟ್ ಆದ್ರು. 18 ಬಾಲಿಂದ 14 ರನ್, ಮೂರು ವಿಕೆಟ್, 5 ರನ್ ಗೆಲುವು. ಗಮನಿಸಿ, ಕೊನೆ ಎರಡು ಓವರಿನ ಎರಡು ವಿಕೆಟ್ಟೂ ಸ್ಟಂಪಿಂಗು. ಬ್ಯಾಟರ್ ಕ್ರೀಸ್ ಬಿಟ್ಟು ಬರ್ಲೇಬೇಕು ಅನ್ನೋ ಪರಿಸ್ಥಿತೀಲಿ ಪೇಸ್ ಬೌಲರ್ ಇದ್ರೆ ಆ ವೇಗ ಬ್ಯಾಟಿಗೆ ಸಹಾಯ ಮಾಡುತ್ತೆ, ಎಡ್ಜ್ ಆದ್ರೂ ಬೌಂಡರಿ. ಸ್ಪಿನ್ನರ್ ನಿಧಾನವಾಗಿ ಹಾಕಿದ್ರೆ ವೇಗ ಪೂರ್ತಿ ಬ್ಯಾಟರೇ ಹುಟ್ಟಿಸ್ಬೇಕು, ಹಿಂದೆ ರಿಚಾ ಗ್ಲೌಸ್ ಕಾಯ್ತಾ ಇರುತ್ತೆ. ರಿಚಾ ಅಂದ್ರೆ ಬರೀ ಸಿಕ್ಸ್ ಅನ್ನೋರು ಆ ಎರಡು ಸ್ಟಂಪಿಂಗ್ ಒಂದ್ಸಲ ನೋಡಿ.

ಫೈನಲ್ಲು. ಮೆಗ್ ಲ್ಯಾನಿಂಗ್ ಮತ್ತೆ ಶಫಾಲಿ ವರ್ಮಾ ಏಳು ಓವರಿಗೆ ವಿಕೆಟ್ ಇಲ್ದೆ 64, ಶಫಾಲಿ ಒಬ್ಬಳೇ 27 ಬಾಲಲ್ಲಿ 44, 180 ಪಕ್ಕಾ ಅನ್ನೋ ಲಯ. ಎಂಟನೇ ಓವರ್ ಮೊಲಿನ್ಯೂ. ಮೊದಲ ಬಾಲಿಗೇ ಶಫಾಲಿ ಎತ್ತಿ ಹೊಡೆದ್ಲು, ಬೌಂಡರಿ ಹತ್ರ ವೇರ್‌ಹ್ಯಾಮ್ ಕ್ಯಾಚ್. ಮೂರನೇ ಬಾಲಿಗೆ ಜೆಮಿಮಾ ಬೌಲ್ಡ್, ಸೊನ್ನೆ. ನಾಲ್ಕನೇ ಬಾಲಿಗೆ ಅಲೀಸ್ ಕ್ಯಾಪ್ಸಿ ಬೌಲ್ಡ್, ಅದೂ ಸೊನ್ನೆ. 64ಕ್ಕೆ 0 ಇದ್ದಿದ್ದು ನಾಲ್ಕು ಬಾಲಲ್ಲಿ 64ಕ್ಕೆ 3. ಡೆಲ್ಲಿಯವರು ಅಲ್ಲಿ ಸ್ವಲ್ಪ ಉಸಿರು ತಗೊಂಡು ಆಡಿದ್ರೆ 140 ಆಗ್ತಿತ್ತೇನೋ, ಆದ್ರೆ ಉಸಿರಾಡೋಕೆ ಬಿಡೋ ಓವರ್ರೇ ಬರ್ಲಿಲ್ಲ. ಶ್ರೇಯಾಂಕಾ ಲ್ಯಾನಿಂಗ್‌ನ ಎಲ್‌ಬಿ ಮಾಡಿದ್ಲು, ಆಶಾ ಒಂದೇ ಓವರಲ್ಲಿ ಮರಿಜಾನ್ ಕಾಪ್ ಮತ್ತೆ ಜೊನಾಸೆನ್ ಇಬ್ಬರನ್ನೂ ತೆಗೆದ್ರು, ಕೊನೆ ಬ್ಯಾಟರ್‌ಗಳ ಬಾಲ ಕತ್ತರಿಸಿದ್ದು ಮತ್ತೆ ಶ್ರೇಯಾಂಕಾ. 18.3 ಓವರಿಗೆ 113 ಆಲ್‌ಔಟ್, ಅಂದ್ರೆ ಕೊನೆ 49 ರನ್ನಿಗೆ ಹತ್ತೂ ವಿಕೆಟ್. ಶ್ರೇಯಾಂಕಾ 12ಕ್ಕೆ 4, ಮೊಲಿನ್ಯೂ 20ಕ್ಕೆ 3, ಆಶಾ 14ಕ್ಕೆ 2, ಇನ್ನೊಂದು ರನ್‌ಔಟ್. ಫೈನಲ್ಲಲ್ಲಿ ಬೇರೆ ಯಾವ ಬೌಲರ್‌ಗೂ ಒಂದು ವಿಕೆಟ್ ಇಲ್ಲ. ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ!

ಚೇಸ್ ಸುಲಭ ಇತ್ತು ಅಂತ ಸ್ಕೋರ್‌ಕಾರ್ಡ್ ಹೇಳುತ್ತೆ, ನೋಡ್ತಾ ಕೂತವರಿಗೆ ಹಂಗನ್ಸಿರ್ಲಿಲ್ಲ. ಪಿಚ್ ನಿಧಾನ ಇತ್ತು, ಸ್ಮೃತಿ 39 ಬಾಲ್ ಆಡಿ 31, ಡಿವೈನ್ 32, ಪೆರ್ರಿ 35 ನಾಟ್‌ಔಟ್, ರಿಚಾ 17 ನಾಟ್‌ಔಟ್, ಗೆಲುವಿನ ಫೋರ್ ಹೊಡೆದಿದ್ದು ಒಂದು ವಾರದ ಹಿಂದೆ ಇದೇ ಗ್ರೌಂಡಲ್ಲಿ ಇದೇ ಟೀಮಿನ ಮೇಲೆ ಕೊನೆ ಬಾಲಲ್ಲಿ ರನ್‌ಔಟ್ ಆಗಿದ್ದ ರಿಚಾನೇ. ಮೂರು ಬಾಲ್ ಉಳಿದಿತ್ತು. ಟಾರ್ಗೆಟ್ 114 ಇದ್ದಿದ್ದಕ್ಕೆ ಸ್ಮೃತಿಗೆ 39 ಬಾಲ್ ತಗೊಳ್ಳೋ ಸ್ವಾತಂತ್ರ್ಯ ಸಿಕ್ಕಿದ್ದು, ಅದೇ 150 ಇದ್ದಿದ್ರೆ ಆ ಪಿಚ್ಚಲ್ಲಿ ಏನಾಗ್ತಿತ್ತೋ. 6 ಕೋಟಿ ಬಹುಮಾನ, ಫೈನಲ್ ಮ್ಯಾಚಿನ ಬೆಸ್ಟ್ ಪ್ಲೇಯರ್ ಮೊಲಿನ್ಯೂ.

ಅದೃಷ್ಟದ ಪಾಲು ಎಷ್ಟು ಅಂತಾನೂ ಲೆಕ್ಕ ಹಾಕ್ಬೇಕು. ಲೀಗಲ್ಲಿ ನಾಲ್ಕು ಗೆಲುವು ನಾಲ್ಕು ಸೋಲು, ಇದು ದರ್ಬಾರ್ ಮಾಡಿದ ಟೀಮಿನ ರೆಕಾರ್ಡ್ ಅಲ್ಲವೇ ಅಲ್ಲ. ಫೆಬ್ರವರಿ 24ರ 2 ರನ್ ಉಲ್ಟಾ ಆಗಿದ್ರೆ ಯುಪಿಗೆ 8 ಪಾಯಿಂಟ್, ಆರ್‌ಸಿಬಿಗೆ 6, ಎಲಿಮಿನೇಟರ್ ಆಡ್ತಿದ್ದಿದ್ದು ಯುಪಿ. ಆದ್ರೆ ನಂಗೆ ಮುಖ್ಯ ಅನ್ಸೋದು ಇದು: ಆ 2 ರನ್ನಿನ ಮ್ಯಾಚಲ್ಲಿ 17ನೇ ಓವರ್ ಆಶಾ, 20ನೇ ಓವರ್ ಮೊಲಿನ್ಯೂ. ಎಲಿಮಿನೇಟರ್‌ನ ಕೊನೇಲೂ ಅವರೇ, ಜೊತೆಗೆ ಶ್ರೇಯಾಂಕಾ. ಸಣ್ಣ ಅಂತರದಲ್ಲಿ ಗೆದ್ದ ಮ್ಯಾಚ್ ಎರಡರಲ್ಲೂ ಒಂದೇ ಉಪಾಯ ಕೆಲಸ ಮಾಡಿದೆ ಅಂದ್ರೆ ಅದನ್ನ ಬರೀ ಅದೃಷ್ಟ ಅನ್ನೋಕೆ ನಂಗೆ ಮನಸ್ಸು ಬರಲ್ಲ. ಆಶಾಗೆ ಆಮೇಲೆ ಮೇ ತಿಂಗಳಲ್ಲಿ ಬಾಂಗ್ಲಾದೇಶ ಟೂರಲ್ಲಿ ಇಂಡಿಯಾ ಕ್ಯಾಪ್ ಸಿಕ್ತು, 33ನೇ ವಯಸ್ಸಲ್ಲಿ. ವರ್ಷಗಟ್ಲೆ ದೇಸಿ ಕ್ರಿಕೆಟ್ಟಲ್ಲಿ ಬೌಲ್ ಮಾಡಿ ಯಾರ ಕಣ್ಣಿಗೂ ಬೀಳದ ಒಬ್ಬರಿಗೆ ಈ ಲೀಗ್ ಬಾಗಿಲು ತೆಗೀತು, ಹೆಣ್ಮಕ್ಕಳ ಲೀಗ್ ಯಾಕೆ ಬೇಕು ಅಂತ ಇನ್ನೂ ಕೇಳೋರಿಗೆ ನಾನು ತೋರ್ಸೋದು ಆಶಾನ್ನೇ.

ಈ ಮೂವರು ಇಲ್ದಿದ್ರೆ ಏನಾಗ್ತಿತ್ತು ಅನ್ನೋದಕ್ಕೆ ಊಹೆ ಮಾಡ್ಬೇಕಾಗೇ ಇಲ್ಲ, ಮುಂದಿನ ವರ್ಷವೇ ಅದು ಕಣ್ಣೆದುರು ನಡೀತು. 2025ಕ್ಕೆ ಮೊಲಿನ್ಯೂ ಮತ್ತೆ ಮಂಡಿ ನೋವಿಂದ ಔಟ್, ಆಶಾ ಗಾಯ, ಶ್ರೇಯಾಂಕಾನೂ ಗಾಯ, ಮೂವರಲ್ಲಿ ಒಬ್ಬರೂ ಒಂದು ಮ್ಯಾಚ್ ಆಡ್ಲಿಲ್ಲ. ಡಿವೈನ್ ಕೂಡ ಬ್ರೇಕ್ ತಗೊಂಡಿದ್ರು. ಬ್ಯಾಟಿಂಗಿಗೆ ಅಷ್ಟೇನೂ ಧಕ್ಕೆ ಆಗ್ಲಿಲ್ಲ, ಮೊದಲ ಮ್ಯಾಚಲ್ಲೇ ಗುಜರಾತ್ ಎದುರು 202 ಚೇಸ್ ಮಾಡಿ ದಾಖಲೆ ಬರೆದ್ರು, ರಿಚಾ 27 ಬಾಲಲ್ಲಿ 64. ಮೊದಲೆರಡು ಮ್ಯಾಚ್ ಗೆದ್ದು ಬೆಂಗಳೂರಿಗೆ ಬಂದ ಚಾಂಪಿಯನ್ ಟೀಮು ಚಿನ್ನಸ್ವಾಮೀಲಿ ಆಡಿದ ನಾಲ್ಕಕ್ಕೆ ನಾಲ್ಕೂ ಸೋತ್ರು. ಅದ್ರಲ್ಲಿ ಫೆಬ್ರವರಿ 24ರ ಮ್ಯಾಚ್, ಸರಿಯಾಗಿ ಒಂದು ವರ್ಷದ ಹಿಂದಿನ ತಾರೀಖು, ಅದೇ ಯುಪಿ, ಅದೇ ಗ್ರೌಂಡು. ಪೆರ್ರಿ 90 ನಾಟ್‌ಔಟ್, ಆರ್‌ಸಿಬಿ 180. ಯುಪಿಗೆ ಕೊನೆ ಓವರಿಗೆ 18 ಬೇಕು, ಬಾಲ್ ರೇಣುಕಾ ಕೈಲಿ, ಸೋಫಿ ಎಕ್ಲ್‌ಸ್ಟೋನ್ ಎರಡು ಸಿಕ್ಸ್ ಒಂದು ಫೋರ್ ಬಾರಿಸಿ ಮ್ಯಾಚ್ ಟೈ ಮಾಡಿದ್ರು, ಲೀಗಿನ ಮೊದಲ ಸೂಪರ್ ಓವರಲ್ಲಿ ಆರ್‌ಸಿಬಿ ಸೋತ್ರು. ಲಖನೌಗೆ ಹೋದ್ರೆ ಅದೇ ಯುಪಿ 225 ಹೊಡೀತು, ಆರ್‌ಸಿಬಿ 213 ಹೊಡ್ದೂ ಸೋಲು. ಸಾಲಾಗಿ ಐದು ಸೋಲು, ನಾಲ್ಕನೇ ಸ್ಥಾನ, 2023ರಲ್ಲಿ ನಿಂತಿದ್ದ ಅದೇ ಜಾಗ. ಸ್ಮೃತಿ ಇದ್ರು, ಪೆರ್ರಿ ಇದ್ರು, ರಿಚಾ ಇದ್ರು, ರೇಣುಕಾ ಇದ್ರು, 8.50 ಕೋಟಿಯ ನಾಲ್ಕೂ ಜನ ಇದ್ರು.